ಬೋರಲು ಮಾಡಬಾರದ ಹುಲ್ಲಿನ ಮಿಷನ್ನು

ಕಳೆದ ಭಾನುವಾರ ಬೆಳಗ್ಗೆ ನಮ್ಮ ಮನೆಯ ಮುಂದೆ ಒಂದು ಎತ್ತಿನ ಗಾಡಿ ಬಂದು ನಿಂತಿತು. ಗಾಡಿಯ ತುಂಬ ಇಟ್ಟಿಗೆ. ಗಾಡಿಯವನು ಇಟ್ಟಿಗೆ ಇಳಿಸುತ್ತ, "ಏನ್ ಸ್ವಾಮಿ, ರೂಮು ಎತ್ತುಸ್ತಿದೀರಾ?" ಎಂದು ಕೇಳಿದ.

"ಇಲ್ಲಪ್ಪಾ. ಕಾಂಪೌಂಡ್ ಗೋಡೇಲಿ ಒಂದು ಸಂದಿ ಇದೆ. ಮುಚ್ಚಿಸ್ತಾ ಇದೀವಿ" ಎಂದೆ.

"ಕಳ್ಳರ ಕಾಟವಾ?"

ಏನು ಹೇಳಲಿ? ಸಂದಿಯ ಆ ಕಡೆ ಇರುವವರು ಶಾಮಣ್ಣನವರು. ಗೆಜೆಟೆಡ್ ಆಫೀಸರು. ದಿನಾ ಸಂಧ್ಯಾವಂದನೆ ಮಾಡುವವರು. ನಮ್ಮ ಮನೆಯ ಗೃಹಪ್ರವೇಶಕ್ಕೆ ಹಾಲು ಉಕ್ಕಿಸಿದ ಪಾತ್ರೆ ಕೂಡ ಅವರ ಮನೆಯದೇ.

"ಹೂಂ" ಎಂದುಬಿಟ್ಟೆ.

ಮೊದಲು ಆ ಸಂದಿಯ ವಿಷಯ ಹೇಳಬೇಕು. ಜಯನಗರದಲ್ಲಿ ಸೈಟು ಸಿಕ್ಕಾಗ ನಮ್ಮಿಬ್ಬರದೂ ಅಕ್ಕಪಕ್ಕ. ಸುತ್ತ ಮನೆಗಳೇ ಇರಲಿಲ್ಲ. ಸಂಜೆಯಾದರೆ ಸಾರಕ್ಕಿ ಕೆರೆಯ ಕಡೆಯಿಂದ ಕಪ್ಪೆಗಳ ಸದ್ದು ಬರುತ್ತಿತ್ತು. ಇಬ್ಬರೂ ಒಟ್ಟಿಗೆ ಮನೆ ಕಟ್ಟಿಸಿದೆವು. ಮಧ್ಯದ ಗೋಡೆ ಏಳುವಾಗ ಶಾಮಣ್ಣನವರೇ, "ಇಲ್ಲೊಂದು ಆಳು ತೂರೋ ಅಷ್ಟು ಜಾಗ ಬಿಡಿಸೋಣ ಸ್ವಾಮಿ. ಹೆಂಗಸರು ಬೀದಿ ಸುತ್ತಿ ಬರೋದು ತಪ್ಪುತ್ತೆ" ಎಂದರು. ಬಿಡಿಸಿದೆವು. ಅಂದಿನಿಂದ ಆ ಸಂದಿಯಲ್ಲಿ ಏನೇನು ಓಡಾಡಿದೆ! ಹೆಪ್ಪಿಗೆ ಮೊಸರು, ನಮ್ಮ ಪೇಪರು, ಅವರ ಟೆಲಿಫೋನಿಗೆ ನನಗೆ ಬಂದ ಕಾಲ್‌ಗಳು, ನನ್ನ ಹೆಂಡತಿಗೆ ಜ್ವರ ಬಂದಾಗ ಶಾಮಣ್ಣನವರ ಹೆಂಡತಿ ಲಲಿತಮ್ಮ ತಂದ ಗಂಜಿ.

ಅಂಥ ಸಂದಿಯನ್ನು ಮುಚ್ಚಲು ಇಟ್ಟಿಗೆ ಬಂದಿತ್ತು. ಕಾರಣ? ಹುಲ್ಲು.

ನಗಬೇಡಿ. ಹೇಳುತ್ತೇನೆ ಕೇಳಿ.

ಇಬ್ಬರ ಮನೆಯ ಮುಂದೂ ಲಾನ್ ಇದೆ. (ಎಕ್ಸ್‌ಟೆನ್ಷನ್ನಿನಲ್ಲಿ ಮನೆ ಕಟ್ಟಿಸಿದವನಿಗೆ ಲಾನ್ ಇಲ್ಲದಿದ್ದರೆ ಬಂಧುಗಳು ಮರುಗುತ್ತಾರೆ.) ಕಳೆದ ವರ್ಷ ಕಂಟೋನ್ಮೆಂಟಿನಲ್ಲಿ ಇಂಗ್ಲೆಂಡಿಗೆ ವಾಪಸು ಹೊರಟಿದ್ದ ಒಬ್ಬ ದೊರೆಯ ಮನೆ ಸಾಮಾನು ಹರಾಜಾಯಿತು. ಅಲ್ಲಿ ಒಂದು ಹುಲ್ಲು ಕತ್ತರಿಸುವ ಮೋಟಾರ್ ಮಿಷನ್ನು. ಕೈಯಲ್ಲಿ ತಳ್ಳುವ ಉರುಳೆ ಮಿಷನ್ನಲ್ಲ. ನಾಲ್ಕು ಗಾಲಿಯ ಮೇಲೆ ಕಬ್ಬಿಣದ ದೊಡ್ಡ ಬೋಗುಣಿಯೊಂದನ್ನು ಕವುಚಿಟ್ಟಂತೆ ಇರುತ್ತದೆ. ಬೋಗುಣಿಯ ಬೆನ್ನ ಮೇಲೆ ಪೆಟ್ರೋಲ್ ಎಂಜಿನ್ನು. ಒಳಗೆ ಒಂದು ಅಲಗು ಫ್ಯಾನಿನ ಹಾಗೆ ತಿರುಗುತ್ತದೆ. ನಾನೂ ಶಾಮಣ್ಣನವರೂ ಪಾಲಿನಲ್ಲಿ ಕೊಂಡೆವು. ಶನಿವಾರ ಅವರಿಗೆ, ಭಾನುವಾರ ನನಗೆ. ಸಂದಿಯ ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿಸಿ ಅದರೊಳಗೆ ನಿಲ್ಲಿಸಿದೆವು.

ಬಂದ ಮೊದಲ ದಿನವೇ ನಾನು ಅದನ್ನು ತಿರುಗಿಸಿ ಅಲಗು ಹೇಗಿದೆ ನೋಡೋಣ ಎಂದು ಹೊರಟೆ. ಅಮ್ಮ ಜಗುಲಿಯಿಂದಲೇ ತಡೆದಳು.

"ಲೋ, ಬೋರಲು ಹಾಕಬೇಡವೋ. ಚಪ್ಪಲಿ ಬೋರಲು ಬಿದ್ರೇನೇ ಮನೇಲಿ ಜಗಳ ಆಗುತ್ತೆ. ಇಷ್ಟು ದೊಡ್ಡ ಕಬ್ಬಿಣಾನ ಬೋರಲು ಹಾಕಿದ್ರೆ ಇನ್ನೇನಾದೀತು?"

"ಅಮ್ಮಾ, ಅದು ಮೊದಲೇ ಬೋರಲಾಗಿರೋ ಬೋಗುಣಿ. ತಿರುಗಿಸಿದ್ರೆ ಸರಿಯಾಗುತ್ತೆ" ಎಂದೆ.

"ಗಾಲಿ ಆಕಾಶ ನೋಡಬಾರದು" ಎಂದಳು. ಮಾತು ಮುಗಿಯಿತು.

ಸಂದಿಯ ಆ ಕಡೆ ಲಲಿತಮ್ಮನವರೂ ತಲೆಯಾಡಿಸಿದರು. ಅವರ ಮನೆಯಲ್ಲೂ ಅದೇ ಶಾಸ್ತ್ರ. ಶಾಮಣ್ಣನವರು, "ಹಿರಿಯರು ಹೇಳಿದ್ಮೇಲೆ ಬಿಡಿ ಸ್ವಾಮಿ" ಎಂದರು. ಆಯುಧಪೂಜೆಯ ದಿನ ಮಿಷನ್ನಿನ ಬೆನ್ನಿಗೆ ವಿಭೂತಿ ಪಟ್ಟೆ ಎಳೆದು, ಕುಂಕುಮ ಇಟ್ಟು, ಚೆಂಡು ಹೂ ಮುಡಿಸಿದೆವು. ಬೆನ್ನಿಗೆ ಪೂಜೆ ನಡೆಯಿತು. ಹೊಟ್ಟೆಯ ಕಡೆ ಯಾರೂ ನೋಡಲಿಲ್ಲ.

ಈ ವರ್ಷ ಮಳೆ ಶುರುವಾಗಿ ಹುಲ್ಲು ಎದ್ದ ಮೇಲೆ ಮಿಷನ್ನು ಕೈಕೊಡತೊಡಗಿತು. ಮೊದಲೆಲ್ಲ ಮೀಸೆ ತಿದ್ದಿದ ಹಾಗೆ ಕತ್ತರಿಸುತ್ತಿದ್ದುದು ಈಗ ಹುಲ್ಲನ್ನು ಅಗಿದು ಉಗಿಯುತ್ತಿತ್ತು. ಹೋದಲ್ಲೆಲ್ಲ ಹಸಿರು ಮುದ್ದೆ ಬೀಳಿಸುತ್ತಿತ್ತು. ಮಧ್ಯದಲ್ಲಿ ಒಂದು ಪಟ್ಟೆ ಗಡ್ಡ ಹಾಗೇ ಉಳಿಯುತ್ತಿತ್ತು. ಎಂಜಿನ್ನು ಮುಕ್ಕರಿದು ಮುಕ್ಕರಿದು ಹೊಗೆ ಬಿಟ್ಟು ನಿಲ್ಲುತ್ತಿತ್ತು. ಪೆಟ್ರೋಲ್ ಮಾತ್ರ ಬಕಾಸುರನ ಹಾಗೆ ಕುಡಿಯುತ್ತಿತ್ತು.

ಸ್ಕೂಟರ್ ರಿಪೇರಿಯವನನ್ನು ಕರೆಸಿದೆವು. ಅವನು ಪ್ಲಗ್ಗು ಬದಲಾಯಿಸಿ, ಕಾರ್ಬುರೇಟರ್ ಬಿಚ್ಚಿ ಊದಿ, "ಮೇಲೆಲ್ಲಾ ಸರಿಯಾಗೈತೆ ಸಾರ್" ಎಂದು ಹೇಳಿ ಹೋದ. ಮೇಲೆಲ್ಲಾ ಸರಿಯಾಗಿದ್ದರೆ ತಪ್ಪು ಎಲ್ಲಿ? ಮನುಷ್ಯರಲ್ಲಿ, ಅಲ್ಲವೇ?

ನಾನು ಅನುಮಾನದ ಮನುಷ್ಯನಲ್ಲ. (ಹೀಗೆ ಹೇಳಿಕೊಳ್ಳುವವರನ್ನು ಕಂಡರೆ ನನಗೆ ಅನುಮಾನ.) ಆದರೂ ಯೋಚನೆ ಬಂತು. ಶನಿವಾರ ಮಿಷನ್ನು ಅವರ ಕೈಯಲ್ಲಿರುತ್ತದೆ. ಭಾನುವಾರ ನನ್ನ ಕೈಗೆ ಬಂದಾಗ ಕೆಟ್ಟಿರುತ್ತದೆ. ಅವರ ಮನೆಯ ಆ ಪಕ್ಕದ ಸೈಟು ಖಾಲಿ, ಅಲ್ಲಿ ಕಲ್ಲು, ಮುಳ್ಳು, ಪಾರ್ಥೇನಿಯಮ್ಮು. ಅಲ್ಲಿ ಓಡಿಸಿದರೆ? ಅದಕ್ಕಿಂತ ಮುಖ್ಯ ಇನ್ನೊಂದು. ಶಾಮಣ್ಣನವರಿಗೆ ಸ್ಕೂಟರ್ ಇದೆ. ವರ್ಷಗಟ್ಟಲೆ ಕಾದು ಪಡೆದ ಸ್ಕೂಟರ್. ಅದೂ ಪೆಟ್ರೋಲ್ ಕುಡಿಯುತ್ತದೆ. ಒಂದು ರಬ್ಬರ್ ಟ್ಯೂಬಿದ್ದರೆ ಸಾಕಲ್ಲ, ಈ ಟ್ಯಾಂಕಿನದು ಆ ಟ್ಯಾಂಕಿಗೆ ಹೋಗಲು?

ಯೋಚನೆ ಒಮ್ಮೆ ಬಂದರೆ ಮುಗಿಯಿತು, ಅದು ಕರೆಯದೆ ಬಂದ ನೆಂಟ. ಹೋಗೆಂದರೆ ಹೋಗುವುದಿಲ್ಲ. ಅವರು ಸಂದಿಯಲ್ಲಿ ನಿಂತು "ಕಾಫಿ ಆಯ್ತಾ?" ಎಂದರೆ, ಇದನ್ನು ಯಾಕೆ ಕೇಳಿದರು ಎಂದು ಅರ್ಧ ಗಂಟೆ ಯೋಚಿಸುವ ಸ್ಥಿತಿ ನನ್ನದಾಯಿತು.

ಕೊನೆಗೆ ಒಂದು ಪೊರಕೆ ಕಡ್ಡಿ ತೆಗೆದುಕೊಂಡೆ. ಭಾನುವಾರ ಕೆಲಸ ಮುಗಿದ ಮೇಲೆ ಅದನ್ನು ಟ್ಯಾಂಕಿನೊಳಗೆ ಇಳಿಸಿ, ಒದ್ದೆಯಾದ ಕಡೆ ಉಗುರಿನಿಂದ ಗುರುತು ಮಾಡಿದೆ. ಕಡ್ಡಿಯನ್ನು ಶೆಡ್ಡಿನ ತಗಡಿನ ಕೆಳಗೆ ಸಿಕ್ಕಿಸಲು ಹೋದಾಗ ಬೆರಳಿಗೆ ಏನೋ ತಗಲಿತು.

ಇನ್ನೊಂದು ಪೊರಕೆ ಕಡ್ಡಿ. ಅದರ ಮೇಲೂ ಉಗುರಿನ ಗುರುತು.

ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದೆ. ಅಂದರೆ ಶಾಮಣ್ಣನವರು ನನ್ನನ್ನು ಅಳೆಯುತ್ತಿದ್ದರು! ನಾನೇನು ಮಾಡಿದ್ದೇನೆ ಎಂದು? ನನಗೆ ಸ್ಕೂಟರ್ ಇಲ್ಲ. ಇರುವುದು ಒಂದು ಕೊಡೆ, ಒಂದು ಬಸ್ ಪಾಸು. ಕೋಪ ಬಂತು. ನಾನು ಅವರನ್ನು ಅನುಮಾನಿಸುವುದು ಬೇರೆ, ಅವರು ನನ್ನನ್ನು ಅನುಮಾನಿಸುವುದು ಬೇರೆ, ಅಲ್ಲವೇ?

ನನ್ನ ಹೆಂಡತಿ ಕಾರಣ ಪತ್ತೆ ಮಾಡಿದಳು. "ನೀವು ಮಿಷನ್ನನ್ನ ಬಸವನಗುಡಿಗೆ ನನ್ನ ತಮ್ಮನ ಮನೆಗೆ ಕಳಿಸ್ತೀರ ಅಂತ ಅವರ ಲೆಕ್ಕ ಕಣ್ರೀ. ಲಲಿತಮ್ಮ ಮೊನ್ನೆ, 'ನಿಮ್ಮ ತಮ್ಮನ ಮನೇಲೂ ಲಾನ್ ಇದೆ ಅಲ್ವಾ?' ಅಂತ ಸುಮ್ನೆ ಕೇಳೋ ಹಾಗೆ ಕೇಳಿದ್ರು."

ಸುಮ್ಮನೆ ಕೇಳುವ ಹಾಗೆ ಕೇಳುವ ಪ್ರಶ್ನೆಗಳಷ್ಟು ಅಪಾಯದವು ಇನ್ನಿಲ್ಲ.

ಅಷ್ಟರಲ್ಲಿ ವಾಸನೆ ಶುರುವಾಯಿತು. ಶೆಡ್ಡಿನ ಹತ್ತಿರ ಹಳಸಿದ ಹುಳಿಗೂ ಕೊಳೆತ ಸಗಣಿಗೂ ನಡುವಿನ ಒಂದು ವಾಸನೆ. ಅಮ್ಮ, "ಆ ಮನೆಯವರು ಉಳಿದ ಅನ್ನ ಸಾರು ಶೆಡ್ಡಿನ ಹಿಂದೆ ಚೆಲ್ತಾರೆ" ಎಂದಳು. ಲಲಿತಮ್ಮ ಆ ಕಡೆಯಿಂದ ತಮ್ಮ ಕೆಲಸದವಳಿಗೆ, ನಮಗೆ ಕೇಳಿಸುವಷ್ಟು ಗಟ್ಟಿಯಾಗಿ, "ಮೋರಿ ಕಟ್ಕೊಂಡಿದ್ರೂ ತೆಗೆಸಲ್ವಲ್ಲ ಕೆಲವರು" ಎಂದರು. ಕೆಲವರು ಅಂದರೆ ಯಾರು? ಸುತ್ತ ಮನೆ ಇರುವುದು ನಮ್ಮದೊಂದೇ.

ಹೆಪ್ಪಿನ ಮೊಸರು ನಿಂತಿತು. ಪೇಪರು ಹೋಗುವುದು ನಿಂತಿತು. ನನಗೆ ಫೋನ್ ಬಂದರೆ "ಊರಲ್ಲಿಲ್ಲ" ಎಂಬ ಉತ್ತರ ಹೋಗುತ್ತಿತ್ತಂತೆ. (ಇದೂ ಅನುಮಾನವೇ.) ಸಂದಿಯ ಎರಡೂ ಕಡೆ ಜನ ಇದ್ದೆವು, ಆದರೆ ಎಲ್ಲರೂ ಬೀದಿ ಸುತ್ತಿಯೇ ಓಡಾಡಿದೆವು.

ಇಟ್ಟಿಗೆ ಬರುವ ಮೂರು ದಿನ ಮುಂಚೆ, ಗುರುವಾರ ಸಂಜೆ ಶಾಮಣ್ಣನವರು ಸಂದಿಯ ಹತ್ತಿರ ಬಂದು ನಿಂತರು. ಶಲ್ಯ ಸರಿಮಾಡಿಕೊಂಡರು.

"ಇದನ್ನ ಮುಚ್ಚಿಬಿಡೋಣ ಸ್ವಾಮಿ. ಇಬ್ಬರಿಗೂ ಕ್ಷೇಮ. ಮಿಷನ್ನು ಮಾರಿಬಿಡೋಣ."

"ಆಗಲಿ" ಎಂದೆ.

ಎಷ್ಟೋ ವಾರಗಳ ನಂತರ ಇಬ್ಬರೂ ಒಪ್ಪಿದ ಮೊದಲ ವಿಷಯ ಅದು. ಇಟ್ಟಿಗೆ ಅವರು ತರಿಸುವುದು, ಗಾರೆಯವನನ್ನು ನಾನು ಕರೆಸುವುದು ಎಂದು ಎರಡೇ ಮಾತಿನಲ್ಲಿ ತೀರ್ಮಾನವಾಯಿತು. ಒಳಗೆ ಬಂದು ಕೂತೆ. ಸಂಕಟವಾಯಿತು, ಮುಚ್ಚಿಡುವುದೇನು. ಈ ವಯಸ್ಸಿನಲ್ಲಿ ಹೊಸ ಸ್ನೇಹಿತನನ್ನು ಎಲ್ಲಿಂದ ತರುವುದು? ಅಮ್ಮ ಕೂಡ ಆ ಸಂಜೆ ಎರಡು ಸಲ ಸಂದಿಯ ತನಕ ಹೋಗಿ ಸುಮ್ಮನೆ ವಾಪಸು ಬಂದಳು.

ಹೀಗೆ ಭಾನುವಾರ ಇಟ್ಟಿಗೆ ಬಂತು. ಗಾರೆಯವನು ತಿಂಡಿ ಮುಗಿಸಿ ಬರುತ್ತೇನೆಂದು ಹೇಳಿ ಕಳಿಸಿದ್ದ. ಮಾರುವ ಸಲುವಾಗಿ ಮಿಷನ್ನನ್ನು ಶೆಡ್ಡಿನಿಂದ ಹೊರಗೆ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದ್ದೆವು. ಶಾಮಣ್ಣನವರು ಆ ಕಡೆ, ನಾನು ಈ ಕಡೆ. ಇಬ್ಬರೂ ಇಟ್ಟಿಗೆ ನೋಡುತ್ತ ನಿಂತಿದ್ದೆವು.

ಆಗ ಹಾಲಿನ ಮುನಿಯಪ್ಪ ಬಂದ. ಸಾರಕ್ಕಿಯವನು. ಹಸುವನ್ನೇ ಹೊಡೆದುಕೊಂಡು ಬಂದು ಬಾಗಿಲಲ್ಲಿ ಕರೆದು ಕೊಡುತ್ತಾನೆ. ಮನೆಯಿಂದ ಕರೆದು ತಂದರೆ ನೀರು ಬೆರೆಸುತ್ತಾನೆಂದು ನಮಗೆ ಅನುಮಾನ. ಬಾಗಿಲಲ್ಲಿ ಕರೆದರೂ ಪಾತ್ರೆಯ ತಳದಲ್ಲಿ ನೀರಿದ್ದರೆ? ಅದಕ್ಕೇ ಅಮ್ಮ ದಿನವೂ ಜಗುಲಿಯಲ್ಲಿ ಕೂತು, "ಎಲ್ಲಿ, ಪಾತ್ರೆ ಬೋರಲು ಮಾಡು" ಎನ್ನುತ್ತಾಳೆ. ಅವನು ಬೋರಲು ಮಾಡಿ, ಒಂದು ಸಲ ತಟ್ಟಿ ತೋರಿಸುತ್ತಾನೆ. ಆಮೇಲೆಯೇ ಕರೆಯುವುದು. ಅವತ್ತೂ ಹಾಗೇ ಆಯಿತು.

ಹಾಲು ಕರೆದು, ಅಮ್ಮನ ಪಾತ್ರೆಗೆ ಅಳೆದು ಹಾಕುತ್ತಿರುವಾಗ ಹಸು ಮೆಲ್ಲಗೆ ಮಿಷನ್ನಿನ ಹತ್ತಿರ ಹೋಯಿತು. ಮೂಸಿತು. ನಾಲಿಗೆ ಚಾಚಿ ಬೋಗುಣಿಯ ಅಂಚಿನ ಕೆಳಗೆ ನೆಕ್ಕಿತು. ಅದು ಸಾಲದೆ ಕೊಂಬು ತೂರಿಸಿ ಒಂದು ಎತ್ತು ಎತ್ತಿತು. ಧಡ್ ಎಂದು ಮಿಷನ್ನು ಮಗುಚಿಕೊಂಡಿತು. ಗಾಲಿಗಳು ಆಕಾಶ ನೋಡಿದವು.

ಅಮ್ಮ, "ಶಿವ ಶಿವಾ" ಎಂದು ಎದ್ದು ನಿಂತಳು.

ನಾವಿಬ್ಬರೂ ಓಡಿದೆವು. ಶಾಮಣ್ಣನವರು ಸಂದಿಯಿಂದಲೇ ತೂರಿ ಬಂದರು.

ಬೋಗುಣಿಯೊಳಗೆ ಅಲಗು ಕಾಣಿಸುತ್ತಲೇ ಇರಲಿಲ್ಲ. ಒಳಗೋಡೆಯ ತುಂಬ ಹುಲ್ಲು. ಗಾರೆ ಮೆತ್ತಿದ ಹಾಗೆ ದಪ್ಪಗೆ, ಪದರದ ಮೇಲೆ ಪದರ. ಲೋಹಕ್ಕೆ ಅಂಟಿದ್ದು ಬೆರಣಿಯಂತೆ ಒಣಗಿ ಕಪ್ಪಾಗಿತ್ತು. ಅದರ ಮೇಲಿನದು ಕೊಳೆತು ಕಂದಾಗಿತ್ತು. ತೀರ ಮೇಲಿನದು ನಿನ್ನೆಯ ಹಸಿರು. ಅಲಗು ತಿರುಗಲು ಬೆರಳು ತೂರುವಷ್ಟು ಜಾಗ ಉಳಿದಿತ್ತು. ಪಾಪ, ಎಂಜಿನ್ನು ಮುಕ್ಕರಿಯದೆ ಏನು ಮಾಡೀತು? ಪೆಟ್ರೋಲ್ ಕುಡಿಯದೆ ಏನು ಮಾಡೀತು? ವಾಸನೆಯಂತೂ ಮೂಗಿಗೆ ಬಡಿಯಿತು. ಅದೇ ವಾಸನೆ. ಮೋರಿಯದೂ ಅಲ್ಲ, ಹಳಸಿದ ಅನ್ನದ್ದೂ ಅಲ್ಲ.

ಮುನಿಯಪ್ಪ ಹಸುವನ್ನು ಹಗ್ಗ ಹಿಡಿದು ಎಳೆದ. "ಪೆಟ್ರೋಲ್ ಹುಲ್ಲು ತಿನ್ನಿಸ್ಬುಟ್ರಲ್ಲ ಸ್ವಾಮಿ. ನಾಳೀಕೆ ಹಾಲು ವಾಸನೆ ಬಂದ್ರೆ ನಾನೇನೋ ಬೆರೆಸ್ದೆ ಅಂತೀರ" ಎಂದು ಗೊಣಗಿ ಹೊರಟ. ಅವನಿಗೂ ನಮ್ಮ ಮೇಲೆ ಅನುಮಾನ.

ನಾವಿಬ್ಬರೂ ಕುಕ್ಕರುಗಾಲಿನಲ್ಲಿ ಕೂತು ನೋಡಿದೆವು. ಮೊದಲು ಮಾತಾಡಿದ್ದು ನಾನು.

"ನಿನ್ನೆ ನೀವು ಓಡಿಸಿದ್ದು."

"ಮೇಲಿನ ಪದರ ನಂದಿರಬಹುದು ಸ್ವಾಮಿ. ಕೆಳಗಿನದು?"

ಅದೇ ಪ್ರಶ್ನೆ. ಕೆಳಗಿನದು ಯಾರದ್ದು? ಅವರ ಲಾನಿನ ಹುಲ್ಲು ನಮ್ಮದರಿಂದ ಕಿತ್ತು ನೆಟ್ಟಿದ್ದು. ಎರಡೂ ಒಂದೇ ಜಾತಿ, ಒಂದೇ ಬಣ್ಣ. ಶನಿವಾರದ ಪದರ, ಭಾನುವಾರದ ಪದರ, ಮತ್ತೆ ಶನಿವಾರ, ಮತ್ತೆ ಭಾನುವಾರ. ಯಾವ ಕೋರ್ಟಿಗೆ ಹೋದರೂ ಪಾಲು ಮಾಡುವುದು ಸಾಧ್ಯವಿರಲಿಲ್ಲ. ತಳದಲ್ಲಿ ಆಯುಧಪೂಜೆಯ ಚೆಂಡು ಹೂವಿನ ಒಂದು ದಾರ ಕೂಡ ಸಿಕ್ಕಿಕೊಂಡಿತ್ತು.

ಶಾಮಣ್ಣನವರು ಅದನ್ನು ಎಳೆದು ನೋಡಿದರು. ಆಮೇಲೆ ತೀರ ಸಣ್ಣ ದನಿಯಲ್ಲಿ, "ನಾನು ಪೆಟ್ರೋಲ್ ಅಳೀತಿದ್ದೆ ಸ್ವಾಮಿ" ಎಂದರು.

"ಗೊತ್ತು. ನಿಮ್ಮ ಕಡ್ಡಿ ನೋಡಿದೆ."

"ನಿಮ್ಮದನ್ನ ನಾನೂ ನೋಡಿದೆ."

ಇಬ್ಬರಿಗೂ ನಗು ಬರಲಿಲ್ಲ. ಬಂದಿದ್ದರೆ ಅನುಕೂಲವಾಗುತ್ತಿತ್ತು. ನಾಚಿಕೆಯಾಗಿತ್ತು. ಶಾಮಣ್ಣನವರು ಮೊದಲು ಪ್ಲಗ್ಗಿನ ವೈರು ಕಿತ್ತರು, ಅಕಸ್ಮಾತ್ ಅಲಗು ತಿರುಗಿಬಿಟ್ಟೀತೆಂದು. ನಾನು ಅಡುಗೆಮನೆಯಿಂದ ಮರದ ಸೌಟು ತಂದೆ. ಅವರು ಒಂದು ತೆಂಗಿನ ಚಿಪ್ಪು ಹಿಡಿದರು. ಕೆರೆಯತೊಡಗಿದೆವು. ಮುದ್ದೆ ಮುದ್ದೆಯಾಗಿ ಬಂತು. ಒಣಗಿದ್ದು ಬರಲಿಲ್ಲ, ನೀರು ಹಾಕಿ ನೆನೆಸಬೇಕಾಯಿತು.

ಅಷ್ಟರಲ್ಲಿ ಗಾರೆಯವನು ಬಂದ. ಕೈಯಲ್ಲಿ ಕರಣೆ, ತಲೆಯ ಮೇಲೆ ಬಾಂಡ್ಲಿ. "ಎಲ್ಲಿ ಸಾರ್ ಗೋಡೆ ಕಟ್ಬೇಕಾಗಿರೋದು?"

ನಾನು ಶಾಮಣ್ಣನವರ ಮುಖ ನೋಡಿದೆ. ಅವರು ಚಿಪ್ಪು ನೋಡುತ್ತಿದ್ದರು. ಕೊನೆಗೆ ಮಾತಾಡಿದ್ದು ಅಮ್ಮ. "ಕೂತ್ಕೊಳಪ್ಪಾ, ಮೊದಲು ಕಾಫಿ ಕುಡಿ" ಎಂದಳು. ಸಂದಿಯ ಕಡೆ ತಿರುಗಿ, "ಲಲಿತಾ, ನಿಮ್ಮನೆ ಡಿಕಾಕ್ಷನ್ ಇದ್ರೆ ತಾಮ್ಮ. ನಮ್ಮದು ಮುಗಿದಿದೆ" ಎಂದಳು.

(ನಮ್ಮದು ಮುಗಿದಿರಲಿಲ್ಲ. ಫಿಲ್ಟರಿನ ತುಂಬ ಇತ್ತು. ನಾನು ನೋಡಿದ್ದೆ.)

ಕಾಫಿಯ ಮೇಲೆ ವಿಚಾರಣೆ ನಡೆಯಿತು. ಹುಲ್ಲು ಯಾಕೆ ಇಷ್ಟು ಅಂಟಿತು? ಕತ್ತರಿಸುವುದು ನಸುಕಿನಲ್ಲಿ, ಇಬ್ಬನಿ ಇರುವಾಗ. ಅದೂ ಸಾಲದೆ ನಾವಿಬ್ಬರೂ ಮೊದಲು ನೀರು ಚಿಮುಕಿಸುತ್ತಿದ್ದೆವು. ಅಂಗಳ ಗುಡಿಸುವ ಮುಂಚೆ ನೀರು ಚಿಮುಕಿಸುವುದಿಲ್ಲವೇ? ಕ್ಷೌರದವನು ಗಡ್ಡ ನೆನೆಸದೆ ಕತ್ತಿ ಎಳೆಯುತ್ತಾನೆಯೇ? ಹುಲ್ಲಿಗೂ ಅದೇ ಮರ್ಯಾದೆ ಮಾಡಿದ್ದೆವು. ಒದ್ದೆ ಹುಲ್ಲು ಬೋಗುಣಿಗೆ ಮೆತ್ತಿಕೊಂಡು ಅಲ್ಲೇ ಸಂಸಾರ ಹೂಡಿತ್ತು.

"ಬಿಸಿಲು ಬಂದು ಹುಲ್ಲು ಒಣಗಿದ ಮೇಲೆ ಕತ್ತರಿಸಬೇಕು. ಪ್ರತಿ ಸಲ ಮುಗಿದ ತಕ್ಷಣ, ಹಸಿಯಾಗಿರುವಾಗಲೇ ಕೆರೆದು ತೆಗೀಬೇಕು" ಎಂದು ಶಾಮಣ್ಣನವರು ಆಫೀಸಿನ ದನಿಯಲ್ಲಿ ಹೇಳಿದರು.

"ಇಡ್ಲಿ ತಟ್ಟೆಗೆ ಎಣ್ಣೆ ಸವರೋ ಹಾಗೆ ಇದಕ್ಕೂ ಸವರಿದ್ರೆ ಅಂಟಲ್ಲ ಅಲ್ವಾ?" ಎಂದರು ಲಲಿತಮ್ಮ.

"ಅದೆಲ್ಲಾ ಸರಿ, ಬೋರಲು ಹಾಕೋದು ಬೇಡ" ಎಂದಳು ಅಮ್ಮ. ಹಸು ಮಾಡಿದ್ದು ಬೇರೆ, ನಾವು ಮಾಡುವುದು ಬೇರೆ.

"ಬೋರಲು ಬೇಡಮ್ಮ. ಒಂದು ಮಗ್ಗುಲಿಗೆ ಒರಗಿಸೋಣ. ಕಾರ್ಬುರೇಟರ್ ಮೇಲೆ ಬರೋ ಹಾಗೆ, ಪೆಟ್ರೋಲ್ ಸುರಿಯಬಾರದಲ್ಲ" ಎಂದರು ಶಾಮಣ್ಣನವರು.

"ಯಾವ ಮಗ್ಗುಲಿಗೆ?"

ಶಾಮಣ್ಣನವರು ಮಿಷನ್ನಿನ ಹಿಂದೆ ನಿಂತು ಲೆಕ್ಕ ಹಾಕಿ, "ಬಲಮಗ್ಗುಲಿಗೆ" ಎಂದರು.

ಅಮ್ಮ ಸಮಾಧಾನದಿಂದ ತಲೆಯಾಡಿಸಿದಳು. "ಬಲಮಗ್ಗುಲಾದ್ರೆ ಸರಿ. ನಾವೂ ಬಲಮಗ್ಗುಲಾಗೇ ಅಲ್ವಾ ಏಳೋದು."

ಗಾರೆಯವನಿಗೆ ಕೆಲಸ ಇಲ್ಲವೆನ್ನಲು ಮನಸ್ಸು ಬರಲಿಲ್ಲ. ಶೆಡ್ಡಿನ ಪಕ್ಕ, ಸಂದಿಗೆ ಅಡ್ಡ ಬಾರದ ಹಾಗೆ, ಒಂದು ಮೊಣಕಾಲೆತ್ತರದ ಕಟ್ಟೆ ಕಟ್ಟಿಸಿದೆವು. ಮಿಷನ್ನು ಒರಗಿಸಲು ಹೇಳಿ ಮಾಡಿಸಿದಂತಿದೆ. ಉಳಿದ ಇಟ್ಟಿಗೆ ಇಬ್ಬರ ಮನೆಯ ತುಳಸಿಕಟ್ಟೆಯ ರಿಪೇರಿಗೆ ಹೋಯಿತು.

ಎಲ್ಲ ಸರಿಹೋಯಿತು ಎಂದುಕೊಂಡಿರಾ? ನಾನು ಅಷ್ಟು ಬೇಗ ಸರಿಹೋಗುವ ಪೈಕಿ ಅಲ್ಲ. ನಿನ್ನೆ ಶನಿವಾರ ಶಾಮಣ್ಣನವರ ಸರದಿ ಮುಗಿಯುವ ಹೊತ್ತಿಗೆ ನಾನು ಗುಲಾಬಿ ಗಿಡ ನೋಡುವ ನೆಪದಲ್ಲಿ ಕಟ್ಟೆಯ ಹತ್ತಿರ ಸುಳಿದಾಡುತ್ತಿದ್ದೆ. ಅವರು ಮಿಷನ್ನು ತಂದರು. ನನ್ನನ್ನು ನೋಡಿದರು. ವೈರು ಕಿತ್ತು, ಬಲಮಗ್ಗುಲಿಗೆ ಒರಗಿಸಿ, "ನೋಡ್ಬಿಡಿ ಸ್ವಾಮಿ" ಎಂದರು. ಒಳಗೆ ಎಣ್ಣೆ ಸವರಿದ ಕಬ್ಬಿಣ ಹೊಳೆಯುತ್ತಿತ್ತು. ಇವತ್ತು ಭಾನುವಾರ, ನಾನೂ ಅವರನ್ನು ಕರೆದು, ಹಾಗೇ ಒರಗಿಸಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಮೂಲೆ ಮೂಲೆ ನೋಡಿದರು. ನನಗೆ ಬೇಜಾರಾಗಲಿಲ್ಲ. ಅದೇ ಆಶ್ಚರ್ಯ.

ತಗಡಿನ ಕೆಳಗೆ ಎರಡೂ ಪೊರಕೆ ಕಡ್ಡಿ ಇನ್ನೂ ಇವೆ. ನನ್ನದನ್ನು ನಾನು ತೆಗೆದಿಲ್ಲ. ಅವರು ಮೊದಲು ತೆಗೆಯಲಿ ಎಂದು ಕಾಯುತ್ತಿದ್ದೇನೆ. ಅವರೂ ಕಾಯುತ್ತಿರಬಹುದು.

ಆದರೆ ಬೆಳಗ್ಗೆಯಿಂದ ಒಂದು ವಿಷಯ ತಲೆಯಲ್ಲಿ ಕೂತಿದೆ. ಬೋರಲಾದರೆ ಜಗಳ ಎನ್ನುವ ನಮ್ಮಮ್ಮ, ಮುನಿಯಪ್ಪನ ಪಾತ್ರೆಯನ್ನು ಇಷ್ಟು ವರ್ಷ ದಿನಾ ಬೋರಲು ಮಾಡಿಸಿದ್ದಾಳಲ್ಲ, ಅವನೊಡನೆ ನಮಗೆ ಒಂದು ದಿನವೂ ಜಗಳವಾಗಿಲ್ಲವೇಕೆ?